ಚಾಕೊಲೇಟ್, ಪೆಪ್ಪರಮೆಂಟಿಗೆ ನ್ಯಾಯವಾಗಿ ಮಾರ್ಕ್ಸ್ ಕೊಡುವುದು ಹೇಗೆ?

ಪ್ರಶ್ನೆ: ನಾನು ಸುಳ್ಯ ತಾಲ್ಲೂಕಿನವಳು, ನಿವೃತ್ತ ವಿಜ್ಞಾನ ಶಿಕ್ಷಕಿ. ನಮ್ಮ ಊರಿನ ಮಹಿಳಾ ಸಂಘದವರು ಮನೆಯಲ್ಲೇ ಮಾಡಿದ ಚಾಕೊಲೇಟ್, ಪೆಪ್ಪರಮೆಂಟು, ಕಡಲೆ ಮಿಠಾಯಿಯ ಸ್ಪರ್ಧೆ ಇಟ್ಟುಕೊಂಡು ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದಾರೆ. ಕೆಲವರು ತಮ್ಮ ತೋಟದ ಕೊಕ್ಕೊದಿಂದಲೇ ಬಾರ್ ಮಾಡುತ್ತಾರೆ, ಒಂದಿಬ್ಬರು ಬೆಲ್ಲ ಹಾಕುತ್ತಾರೆ. ಇನ್ನು ಕೆಲವರು ಅಂಗಡಿಯಿಂದ ಚಾಕೊಲೇಟ್ ಗಟ್ಟಿ ತಂದು ಕರಗಿಸಿ ಅಚ್ಚಿಗೆ ಹಾಕುತ್ತಾರೆ. ನನಗೆ ಹಾಲಿನ ಚಾಕೊಲೇಟ್ ಇಷ್ಟ. ಡಾರ್ಕ್ ಚಾಕೊಲೇಟ್ ಬಾಯಿಗಿಟ್ಟರೆ ಮುಖ ಕಿವುಚುತ್ತದೆ. ಹೀಗಿರುವಾಗ ನಾನು ಎಲ್ಲರಿಗೂ ನ್ಯಾಯವಾಗಿ ಮಾರ್ಕ್ಸ್ ಕೊಡಲು ಆಗುತ್ತದಾ? ಏನು ನೋಡಬೇಕು?

ಉತ್ತರ: ಖಂಡಿತ ಆಗುತ್ತದೆ, ಒಪ್ಪಿಕೊಳ್ಳಿ. ಡಾರ್ಕ್ ಚಾಕೊಲೇಟ್ ಇಷ್ಟವಿಲ್ಲ ಎನ್ನುವುದು ದೊಡ್ಡ ಅಡ್ಡಿಯಲ್ಲ. "ಇದು ನನಗೆ ಸೇರುತ್ತದಾ?" ಎಂಬ ಪ್ರಶ್ನೆಯನ್ನು ಆ ದಿನದ ಮಟ್ಟಿಗೆ ಪಕ್ಕಕ್ಕಿಡಿ. ಅದರ ಬದಲು "ಮಾಡಿದವರ ಕೈ ಎಲ್ಲಿ ಚೆನ್ನಾಗಿ ಓಡಿದೆ, ಎಲ್ಲಿ ತಪ್ಪಿದೆ?" ಎಂದು ಕೇಳಿಕೊಳ್ಳಿ. ಒಗರು, ಹುಳಿ, ಹೊಗೆ ವಾಸನೆ, ತರಿತರಿ, ಬಾಯಿಗೆ ಅಂಟುವ ಜಿಡ್ಡು, ಇವೆಲ್ಲ ಸುಮ್ನೆ ಬರುವುದಿಲ್ಲ. ಒಂದೊಂದೂ ತಯಾರಿಕೆಯ ಒಂದೊಂದು ಹಂತದಿಂದ ಬಂದಿರುತ್ತದೆ. ಅದು ಯಾವ ಹಂತ ಎಂದು ಗುರುತಿಸಲು ಕಲಿತರೆ ಇಷ್ಟವಿಲ್ಲದ ಚಾಕೊಲೇಟಿಗೂ ಸರಿಯಾಗಿ ಮಾರ್ಕ್ಸ್ ಹಾಕಬಹುದು. ನೀವು ವಿಜ್ಞಾನ ಹೇಳಿಕೊಟ್ಟವರು, ಇದು ನಿಮಗೆ ಬೇಗ ಹಿಡಿತಕ್ಕೆ ಬರುತ್ತದೆ.

ಮೊದಲ ಕೆಲಸ, ಗುಂಪು ಬೇರೆ ಮಾಡುವುದು. ತೋಟದ ಬೀಜದಿಂದ ಮಾಡಿದ್ದನ್ನೂ ಗಟ್ಟಿ ತಂದು ಕರಗಿಸಿದ್ದನ್ನೂ ಒಂದೇ ಸಾಲಿನಲ್ಲಿ ಇಡಬೇಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಟ್ಟಿ ಹೆಚ್ಚಾಗಿ 'ಕಾಂಪೌಂಡ್'. ಅದರಲ್ಲಿ ಕೊಕ್ಕೊ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ರುಚಿಗೆ ಕೊಕ್ಕೊ ಪುಡಿ ಸೇರಿಸಿರುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಚಾಕೊಲೇಟ್ ಎಂದು ಹೆಸರಿಟ್ಟು ಮಾರುವ ಪದಾರ್ಥದಲ್ಲಿ ಇಂಥ ಕೊಬ್ಬು ಶೇಕಡಾ 5 ಮೀರುವಂತಿಲ್ಲ. ಗಟ್ಟಿಯ ಹೊದಿಕೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ಇರುವುದು ಮೊದಲು ಬರುತ್ತದೆ. ಸಕ್ಕರೆ, ಆಮೇಲೆ ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ವಿಷಯ ಅಲ್ಲಿಗೇ ಗೊತ್ತಾಯಿತು. ಮಡಿಕೇರಿ, ಊಟಿಯ ಕಡೆ ಹೋಮ್‌ಮೇಡ್ ಚಾಕೊಲೇಟ್ ಎಂದು ಮಾರುವುದರಲ್ಲೂ ಬಹಳಷ್ಟು ಹೀಗೆ ಗಟ್ಟಿ ಕರಗಿಸಿ ಅಚ್ಚು ಹಾಕಿದ್ದೇ. ಅದೂ ಒಂದು ಕೈಕೆಲಸ, ನಾನು ಕೀಳು ಮಾಡುತ್ತಿಲ್ಲ. ಆದರೆ ಕಾಯಿ ಕೊಯ್ದು, ಹುದುಗಿಸಿ, ಒಣಗಿಸಿ, ಹುರಿದು, ಎರಡು ದಿನ ರುಬ್ಬಿದವರ ಜೊತೆ ಅದನ್ನು ಸ್ಪರ್ಧೆಗೆ ಬಿಟ್ಟರೆ ಇಬ್ಬರಿಗೂ ಅನ್ಯಾಯ. ಅಚ್ಚಿನ ಚಾಕೊಲೇಟಿಗೆ ಬೇರೆ ಬಹುಮಾನ ಇಡಲು ಸಂಘದವರಿಗೆ ಈಗಲೇ ಹೇಳಿ.

ಜಾಗ, ಹೊತ್ತು ಎರಡೂ ಮುಖ್ಯ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದಕ್ಕೂ ಮುಂಚೆಯೇ ಮೆತ್ತಗಾಗಲು ಶುರು. ನಿಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಶಾಮಿಯಾನದ ಕೆಳಗೆ ಕೂತರೆ ಜಗತ್ತಿನ ಒಳ್ಳೆಯ ಬಾರ್ ಕೂಡ ಮುರಿಯದೆ ಬಾಗುತ್ತದೆ. ಬೆಳಿಗ್ಗೆ ಬೇಗ ಇಟ್ಟುಕೊಳ್ಳಿ. 20-22 ಡಿಗ್ರಿ ಇರುವ ಕೋಣೆ ಸಿಕ್ಕರೆ ಬಹಳ ಒಳ್ಳೆಯದು. ಫ್ರಿಜ್‌ನಿಂದ ತೆಗೆದ ತಕ್ಷಣ ಮಾತ್ರ ರುಚಿ ನೋಡಬೇಡಿ. ತಣ್ಣಗಿನ ಚಾಕೊಲೇಟಿನಲ್ಲಿ ಪರಿಮಳ ಏಳುವುದಿಲ್ಲ, ಮೇಲೆ ನೀರಿನ ಪಸೆಯೂ ಕೂರುತ್ತದೆ. ಕೋಣೆಯಲ್ಲಿ ಅಗರಬತ್ತಿ ಬೇಡ. ಆ ದಿನ ಮಲ್ಲಿಗೆ ಮುಡಿಯುವುದೂ ಬೇಡ, ಬೇಸರ ಮಾಡಿಕೊಳ್ಳಬೇಡಿ. ಕಾಫಿ, ಎಲೆಅಡಿಕೆ, ಕಾರದ ತಿಂಡಿ ಮುಗಿಸಿ ಕನಿಷ್ಠ ಒಂದು ಗಂಟೆ ಆಗಿರಲಿ. ನಡುನಡುವೆ ಬಾಯಿ ಮುಕ್ಕಳಿಸಲು ಉಗುರುಬೆಚ್ಚಗಿನ ನೀರೇ ಆಗಬೇಕು. ತಣ್ಣೀರು ಕುಡಿದರೆ ನಾಲಿಗೆಯ ಮೇಲಿನ ಕೊಕ್ಕೊ ಬೆಣ್ಣೆ ಗಟ್ಟಿಯಾಗಿ ಅಲ್ಲೇ ಕೂತುಬಿಡುತ್ತದೆ. ನೀರಿನ ಜೊತೆ ಒಗ್ಗರಣೆ ಹಾಕದ ಬರೀ ಮಂಡಕ್ಕಿ ಒಂದು ಬಟ್ಟಲು ಇದ್ದರೆ ಸಾಕು.

ತಟ್ಟೆಗಳಿಗೆ ಹೆಸರು ಬೇಡ, ನಂಬರ್ ಹಾಕಿಸಿ. ಅದೂ 1, 2, 3 ಎಂದಲ್ಲ, 417, 862 ಎಂಬಂಥ ಮೂರಂಕಿಯ ನಂಬರ್. ಒಂದು ಎಂದು ಬರೆದಿದ್ದರೆ ಮನಸ್ಸು ತನಗೆ ಗೊತ್ತಿಲ್ಲದೆಯೇ ಅದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಡಾರ್ಕ್ ಮೊದಲು, ಆಮೇಲೆ ಹಾಲಿನದು, ಏಲಕ್ಕಿ, ಶುಂಠಿ, ಪುದೀನ ಹಾಕಿದ್ದು ಕೊನೆಗೆ. ಒಂದು ಸುತ್ತಿಗೆ ಆರೇಳಕ್ಕಿಂತ ಜಾಸ್ತಿ ಬೇಡ. ನಾಲಿಗೆ ಸೋಲುತ್ತದೆ. ಸುತ್ತು ಮುಗಿದ ಮೇಲೆ ಮೊದಲು ತಿಂದದ್ದನ್ನು ಇನ್ನೊಮ್ಮೆ ತಿನ್ನಿ. ಹಸಿದ ನಾಲಿಗೆಗೆ ಮೊದಲನೆಯದು ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ಎರಡನೇ ಸಲ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ.

ಈಗ ತುಂಡನ್ನು ಕೈಗೆ ತೆಗೆದುಕೊಳ್ಳಿ. ಮೇಲ್ಮೈ ಹೊಳೆಯುತ್ತಿದೆಯಾ? ಬೂದಿ ಬಳಿದ ಹಾಗೆ ಬೆಳ್ಳಗಾಗಿದೆಯಾ? ಕಿವಿಯ ಹತ್ತಿರ ಹಿಡಿದು ಮುರಿಯಿರಿ. ಚೆನ್ನಾಗಿ ಟೆಂಪರ್ ಮಾಡಿದ, ಅಂದರೆ ಹದವಾದ ಶಾಖದಲ್ಲಿ ಕರಗಿಸಿ ತಣಿಸಿದ, ಡಾರ್ಕ್ ಬಾರ್ ಟಕ್ ಎಂದು ಒಂದೇ ಏಟಿಗೆ ಮುರಿಯುತ್ತದೆ, ಅಂಚು ನೀಟಾಗಿರುತ್ತದೆ. ಹಾಲಿನದು ಮೆದು, ಸದ್ದು ಕಡಿಮೆ. ಅದು ತಪ್ಪಲ್ಲ. ಮುರಿದ ಜಾಗವನ್ನು ಕೂಡಲೇ ಮೂಗಿಗೆ ಹಿಡಿಯಿರಿ. ಪರಿಮಳ ಅಲ್ಲೇ ಜಾಸ್ತಿ ಇರುತ್ತದೆ, ನಿಮಿಷದಲ್ಲಿ ಹಾರಿಹೋಗುತ್ತದೆ. ಆಮೇಲೆ ಬಾಯಿಗೆ ಹಾಕಿ ಎರಡು ಮೂರು ಸಲ ಮಾತ್ರ ಅಗಿದು, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಕರಗಲು ಬಿಡಿ. ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಹೊರಗೆ ಬಿಡಿ. ಹಣ್ಣು, ಹೂವು, ಹುರಿದ ಬೀಜ, ಮಣ್ಣು ಎಂದು ನಾವು ಹೇಳುವುದೆಲ್ಲ ಆ ಉಸಿರಿನಲ್ಲೇ ಸಿಗುವುದು. ನಾಲಿಗೆಗೆ ಸಿಹಿ, ಹುಳಿ, ಕಹಿಯಂಥ ನಾಲ್ಕೈದು ರುಚಿ ಬಿಟ್ಟು ಬೇರೆ ಗೊತ್ತಾಗುವುದಿಲ್ಲ. ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ಒಂದು ತುಂಡು ತಿಂದು, ಅರ್ಧ ಕರಗಿದಾಗ ಕೈ ಬಿಟ್ಟು ನೋಡಿ.

ಮೊದಲು ಏನು ಬಂತು, ನಡುವೆ ಏನು ಬಂತು, ನುಂಗಿದ ಮೇಲೆ ಏನು ಉಳಿಯಿತು, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ನಾನು ಕೊನೆಯದಕ್ಕೆ ತುಂಬಾ ತೂಕ ಕೊಡುತ್ತೇನೆ. ಸಕ್ಕರೆ ಮೊದಲ ಗಳಿಗೆಯ ದೋಷವನ್ನೆಲ್ಲ ಮುಚ್ಚುತ್ತದೆ. ನುಂಗಿದ ಮೇಲೆ ಮುಚ್ಚಲು ಅದಕ್ಕೆ ಆಗುವುದಿಲ್ಲ.

ನಿಮ್ಮ ಮುಖ ಕಿವುಚುವ ವಿಷಯಕ್ಕೆ ಬರೋಣ. ಅದು ಕಹಿಯೋ ಒಗರೋ ಎಂದು ಗಮನಿಸಿದ್ದೀರಾ? ಎಷ್ಟೋ ಜನ ಎರಡನ್ನೂ ಸೇರಿಸಿ ಕಹಿ ಎಂದುಬಿಡುತ್ತಾರೆ. ಎಳೆ ಅಡಿಕೆ ಅಗಿದಾಗ ಆಗುವಂತೆ ನಾಲಿಗೆ ಒಣಗಿ, ಒಸಡು ಹಿಡಿದು ಎಳೆದರೆ ಅದು ಒಗರು. ಡಾರ್ಕ್ ಚಾಕೊಲೇಟಿನಲ್ಲಿ ಹದವಾದ ಕಹಿ ಇರಲೇಬೇಕು. ಒಗರು ಅಷ್ಟೊಂದು ಇರಬಾರದು. ಇದ್ದರೆ ಹೆಚ್ಚಿನ ಸಲ ಬೀಜ ಸರಿಯಾಗಿ ಹುದುಗಿಲ್ಲ ಎಂದರ್ಥ. ನನ್ನ ಮಟ್ಟಿಗೆ ಇಡೀ ಚಾಕೊಲೇಟಿನ ರುಚಿ ನಿಲ್ಲುವುದು ಈ ಹಂತದ ಮೇಲೆ. ಇಲ್ಲಿ ಹಾಳಾದದ್ದನ್ನು ಮುಂದೆ ಯಾವ ಯಂತ್ರವೂ ಸರಿಮಾಡುವುದಿಲ್ಲ.

ಕೊಕ್ಕೊ ಕಾಯಿ ಒಡೆದಾಗ ಬೀಜದ ಸುತ್ತ ಸಿಹಿಯಾದ ಬಿಳಿ ಲೋಳೆ ಇರುತ್ತದಲ್ವಾ, ಹುದುಗುವುದು ಅದು. ಮೊದಲ ಒಂದೆರಡು ದಿನ ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಮಗುಚಿ ಗಾಳಿ ಆಡಿಸಿದ ಮೇಲೆ ಬ್ಯಾಕ್ಟೀರಿಯಾ ಆ ಮದ್ಯವನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ರಾಶಿಯ ಒಳಗೆ ಶಾಖ 45ರಿಂದ 50 ಡಿಗ್ರಿಗೆ ಏರುತ್ತದೆ. ಶಾಖ, ಆಮ್ಲ ಎರಡೂ ಸೇರಿ ಬೀಜದ ಮೊಳಕೆಯನ್ನು ಕೊಲ್ಲುತ್ತವೆ. ಆಗ ಒಳಗಿನ ಕೋಶಗಳು ಒಡೆದು ಒಗರು ಇಳಿಯುತ್ತದೆ, ಚಾಕೊಲೇಟಿನ ಪರಿಮಳಕ್ಕೆ ಬೇಕಾದ ಮೂಲವಸ್ತುಗಳು ಹುಟ್ಟುತ್ತವೆ. ನಮ್ಮಲ್ಲಿ ಬೆಳೆಯುವ ಫೊರಾಸ್ಟೆರೊ ಜಾತಿಯ ಬೀಜಕ್ಕೆ ಇದಕ್ಕೆಲ್ಲ ಐದಾರು ದಿನ ಬೇಕು. ಮನೆಯಲ್ಲಿ ಮಾಡುವವರಿಗೆ ತೊಂದರೆ ಬರುವುದು ರಾಶಿಯ ಗಾತ್ರದಿಂದ. ಎರಡು ಮೂರು ಕೆ.ಜಿ. ಹಸಿ ಬೀಜವನ್ನು ಪಾತ್ರೆಯಲ್ಲಿ ಹಾಕಿಟ್ಟರೆ ಶಾಖ ಏರುವುದೇ ಕಷ್ಟ. ಬಾಳೆಲೆ ಹಾಸಿದ ಬುಟ್ಟಿಗೆ ತುಂಬಿ, ಗೋಣಿ ಹೊದೆಸಿ, ಶಾಖ ಹೊರಗೆ ಹೋಗದ ಹಾಗೆ ನೋಡಿಕೊಂಡವರ ಚಾಕೊಲೇಟು ತಿಂದ ಕೂಡಲೇ ಗೊತ್ತಾಗುತ್ತದೆ.

ಸ್ಪರ್ಧಿಗಳಿಗೆ ಬಾರ್ ಜೊತೆ ಒಂದು ಹಿಡಿ ಒಣಬೀಜವನ್ನೂ ತರಲು ಹೇಳಿ. ಬೀಜವನ್ನು ಉದ್ದಕ್ಕೆ ಸೀಳಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಒಳಗೆ ಕಂದು ಬಣ್ಣ, ನಡುವೆ ಸುಕ್ಕು ಬಿರುಕು ಇದ್ದರೆ ಚೆನ್ನಾಗಿ ಹುದುಗಿದೆ. ನೇರಳೆ ಬಣ್ಣವಿದ್ದರೆ ಅರೆಬರೆ. ಬೂದು ಬಣ್ಣಕ್ಕಿದ್ದು ಬಿರುಕಿಲ್ಲದೆ ಬಿಗಿಯಾಗಿದ್ದರೆ ಹುದುಗೇ ಇಲ್ಲ. ಕೊಕ್ಕೊ ಕೊಳ್ಳುವವರು ಜಗತ್ತಿನ ಎಲ್ಲೆಡೆ ಹೀಗೆಯೇ ಬೀಜ ಕತ್ತರಿಸಿ ನೋಡುತ್ತಾರೆ.

ಒಣಗಿಸುವುದು ನಿಮ್ಮ ಕಡೆಯ ದೊಡ್ಡ ಸವಾಲು. ಬೀಜದ ತೇವ ಶೇಕಡಾ 7ರ ಹತ್ತಿರಕ್ಕೆ ಬರಬೇಕು, ಕಾಯಿ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಅಡಿಕೆ ಒಣಗಿಸಲು ಒಲೆಯ ಹೊಗೆ ಕೊಟ್ಟ ಹಾಗೆ ಕೊಕ್ಕೊಗೂ ಕೊಟ್ಟರೆ ಆ ಹೊಗೆ ಬಾರ್‌ವರೆಗೂ ಬರುತ್ತದೆ. ಕೊಕ್ಕೊದ ಬೆಣ್ಣೆ ಅಂಶ ವಾಸನೆಯನ್ನು ಹೀರಿಕೊಂಡರೆ ಬಿಡುವುದೇ ಇಲ್ಲ. ಒಣಗುವುದು ತಡವಾದರೆ ಮುಗ್ಗಲು ವಾಸನೆ. ಬೂಸಲು ಹಿಡಿದ ಬೀಜ ಕಂಡರೆ ಅಥವಾ ಬಾರಿನಲ್ಲಿ ಮುಗ್ಗಲು ಬಂದರೆ ಮಾರ್ಕ್ಸ್ ಕಳೆಯುವ ಮಾತೇ ಬೇಡ, ಸ್ಪರ್ಧೆಯಿಂದಲೇ ತೆಗೆಯಿರಿ. ಇದು ಆರೋಗ್ಯದ ಪ್ರಶ್ನೆ.

ಹುರಿಯುವುದನ್ನು ಗುರುತಿಸುವುದು ಸುಲಭ. ಸೀದ ವಾಸನೆ, ಬರೀ ಕಹಿ ಬಂದರೆ ಜಾಸ್ತಿ ಹುರಿದಿದ್ದಾರೆ. ಹಸಿ ಹಸಿ, ಹುಳಿ ಹುಳಿ ಇದ್ದರೆ ಕಡಿಮೆ. ಎಷ್ಟೋ ಜನ ಕೆಟ್ಟ ಬೀಜದ ರುಚಿ ಮುಚ್ಚಲು ಕಪ್ಪಗಾಗುವಷ್ಟು ಹುರಿಯುತ್ತಾರೆ. ಬಣ್ಣ ಗಾಢವಾಗಿದೆ ಎಂದು ಮಾರ್ಕ್ಸ್ ಕೊಡಬೇಡಿ. ಒಳ್ಳೆಯ ಡಾರ್ಕ್ ಚಾಕೊಲೇಟಿಗೆ ಕೆಂಪು ಛಾಯೆಯ ಕಂದು ಬಣ್ಣವೂ ಇರುತ್ತದೆ.

ಆಮೇಲೆ ರುಬ್ಬುವುದು. ಇಲ್ಲಿ ನಾವು ದಕ್ಷಿಣ ಭಾರತದವರು ಹೆಮ್ಮೆಪಡುವ ಒಂದು ವಿಷಯವಿದೆ. ಇಡ್ಲಿ, ದೋಸೆ ಹಿಟ್ಟು ರುಬ್ಬುವ ನಮ್ಮ ವೆಟ್ ಗ್ರೈಂಡರ್ ಅನ್ನೇ ಸ್ವಲ್ಪ ಮಾರ್ಪಡಿಸಿ ಇವತ್ತು ಅಮೆರಿಕ, ಯುರೋಪಿನ ಎಷ್ಟೋ ಸಣ್ಣ ತಯಾರಕರು ಚಾಕೊಲೇಟ್ ರುಬ್ಬುತ್ತಿದ್ದಾರೆ. ಕಣ ಸುಮಾರು 20-25 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಸಣ್ಣದಾದರೆ ನಾಲಿಗೆಗೆ ನುಣುಪು. ಅದಕ್ಕಿಂತ ದಪ್ಪವಿದ್ದರೆ ತರಿತರಿ. ಇದಕ್ಕೆ ಒಂದರಿಂದ ಮೂರು ದಿನ ಗ್ರೈಂಡರ್ ತಿರುಗಬೇಕು. ಅಷ್ಟು ಹೊತ್ತು ಬೆಚ್ಚಗೆ ತಿರುಗುವಾಗ ವಿನೆಗರ್‌ನಂಥ ಹುಳಿ ವಾಸನೆಯೂ ಹಾರಿಹೋಗುತ್ತದೆ. ಸ್ವಿಟ್ಜರ್ಲೆಂಡಿನ ರೊಡಾಲ್ಫ್ ಲಿಂಟ್ 1879ರಲ್ಲಿ ಹೀಗೆ ಬಹಳ ಹೊತ್ತು ಬೆಚ್ಚಗೆ ತಿರುಗಿಸುವ ಕಾಂಚಿಂಗ್ ಎಂಬ ಯಂತ್ರಕ್ರಮ ಕಂಡುಹಿಡಿಯುವವರೆಗೆ ಬಾಯಲ್ಲಿ ಹೀಗೆ ನುಣುಪಾಗಿ ಕರಗುವ ಚಾಕೊಲೇಟೇ ಇರಲಿಲ್ಲ. ತರಿಯಲ್ಲೂ ಎರಡು ಬಗೆ. ಹಲ್ಲಿಗೆ ಸಿಕ್ಕಿ ಬೇಗ ಕರಗಿದರೆ ಅದು ಸಕ್ಕರೆ. ಕರಗದೆ ಕೊನೆಯಲ್ಲಿ ಮರದ ಪುಡಿಯಂತೆ ಉಳಿದರೆ ಬೀಜದ ಸಿಪ್ಪೆ, ಮೊರದಲ್ಲಿ ಸರಿಯಾಗಿ ಕೇರಿಲ್ಲ.

ಬೆಲ್ಲದ ಬಾರ್‌ಗಳನ್ನು ವಿಶೇಷ ಗಮನದಿಂದ ನೋಡಿ. ಚಾಕೊಲೇಟಿಗೆ ನೀರಿನ ವೈರ. ನಾಲ್ಕು ಹನಿ ಬಿದ್ದರೂ ಕರಗಿದ್ದು ಮುದ್ದೆಯಾಗಿಬಿಡುತ್ತದೆ. ಬೆಲ್ಲದಲ್ಲಿ ತೇವ ಇದ್ದೇ ಇರುತ್ತದೆ. ಪುಡಿಮಾಡಿ, ಸಣ್ಣ ಬಿಸಿಯಲ್ಲಿ ಚೆನ್ನಾಗಿ ಒಣಗಿಸದೆ ಹಾಕಿದರೆ ಬಾರ್ ದಪ್ಪದಪ್ಪ, ತರಿತರಿ. ಬೆಲ್ಲ ಹಾಕಿಯೂ ನುಣುಪು ತಂದವರ ಶ್ರಮ ದೊಡ್ಡದು, ಅದಕ್ಕೆ ಕೈಬಿಚ್ಚಿ ಮಾರ್ಕ್ಸ್ ಕೊಡಿ. ಹಾಲಿನ ಚಾಕೊಲೇಟಿನಲ್ಲೂ ಇದೇ ಕಥೆ. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ 1875ರ ಸುಮಾರಿಗೆ ಮೊದಲ ಹಾಲಿನ ಚಾಕೊಲೇಟ್ ಮಾಡುವ ಮುಂಚೆ ವರ್ಷಗಟ್ಟಲೆ ಒದ್ದಾಡಿದ್ದು ಹಾಲಿನ ನೀರನ್ನು ತೆಗೆಯಲಿಕ್ಕೇ. ಮನೆಯಲ್ಲಿ ಹಾಲಿನ ಪುಡಿ ಬಳಸುತ್ತಾರೆ. ಅದು ಹಳೆಯದಾಗಿದ್ದರೆ ಕಮಟು ಬರುತ್ತದೆ, ಗೋಡಂಬಿ, ಬಾದಾಮಿಗೂ ಇದೇ ಮಾತು. ನಿಮಗೆ ಹಾಲಿನದು ಇಷ್ಟ ಎಂದಿರಿ. ಹಾಗಾಗಿ ಈ ಗುಂಪಿನಲ್ಲಿ ಕೈ ಸ್ವಲ್ಪ ಬಿಗಿ ಇರಲಿ.

ಮತ್ತೆ ಆ ಬೂದಿ ಬಣ್ಣ. ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು, ನಮಗೆ ಬೇಕಾದ್ದು ಐದನೆಯದು. ಅದಕ್ಕೆ ಡಾರ್ಕ್ ಚಾಕೊಲೇಟನ್ನು 45-50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಅಚ್ಚಿಗೆ ಹಾಕುತ್ತಾರೆ. ಇದೇ ಟೆಂಪರಿಂಗ್. ತಪ್ಪಿದರೆ ಕೆಲವೇ ದಿನಗಳಲ್ಲಿ ಬೆಣ್ಣೆ ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ. ತೇವ ತಾಗಿದರೂ ಬಿಳಿಯಾಗುತ್ತದೆ, ಆದರೆ ಅದು ಮೇಲೆ ಬಂದ ಸಕ್ಕರೆ. ಬೆರಳಿನಿಂದ ಉಜ್ಜಿ ನೋಡಿ. ಜಿಡ್ಡಾಗಿ ಕರಗಿದರೆ ಬೆಣ್ಣೆ, ಒರಟಾಗಿ ಹಾಗೇ ಇದ್ದರೆ ಸಕ್ಕರೆ. ಎರಡೂ ಬೂಸಲಲ್ಲ, ತಿಂದರೆ ಏನೂ ಆಗುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಮನೆಯಲ್ಲಿ ಟೆಂಪರ್ ಮಾಡುವುದು ಬಹಳ ಕಷ್ಟ, ನಾನಾದರೆ ಇದಕ್ಕೆ ಹೆಚ್ಚು ಮಾರ್ಕ್ಸ್ ಕಳೆಯುವುದಿಲ್ಲ. ಬಾಯಿಯ ಮೇಲ್ಭಾಗಕ್ಕೆ ಮೇಣದಂತೆ ಅಂಟಿ ಕೂರುವ ಜಿಡ್ಡು ಮಾತ್ರ ಬೇರೆ ಕೊಬ್ಬಿನ ಗುರುತು. ಬೀಜದಿಂದ ಮಾಡಿದ್ದು ಎಂದು ಬರೆಸಿದ ಬಾರ್‌ನಲ್ಲಿ ಅದು ಸಿಕ್ಕರೆ ಸಂಘಟಕರನ್ನು ಕೇಳಿ.

ಶೇಕಡಾ 70, 85 ಎಂದು ಬರೆದದ್ದಕ್ಕೆ ಮರುಳಾಗಬೇಡಿ. ಅದು ಬೀಜದ ಅಂಶ, ಸೇರಿಸಿದ ಕೊಕ್ಕೊ ಬೆಣ್ಣೆ ಎಲ್ಲ ಸೇರಿದ ಲೆಕ್ಕ. ಗುಣದ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಳ್ಳೆಯ ಬೀಜದ 60 ಕೆಟ್ಟ ಬೀಜದ 85ಕ್ಕಿಂತ ಎಷ್ಟೋ ಮೇಲು.

ಇನ್ನು ಪೆಪ್ಪರಮೆಂಟು. ಇಲ್ಲಿ ಎಲ್ಲ ನಿಂತಿರುವುದು ಪಾಕದ ಮೇಲೆ, ಮತ್ತು ಪಾಕ ನೋಡುವುದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಗಟ್ಟಿ ಪೆಪ್ಪರಮೆಂಟಿಗೆ ಸಕ್ಕರೆ ಪಾಕ 150 ಡಿಗ್ರಿಯ ಹತ್ತಿರ ಹೋಗಬೇಕು, ಆಗ ನೀರು ಬಹುತೇಕ ಹೋಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಬೆಳಕಿಗೆ ಹಿಡಿಯಿರಿ. ಮಂಕಾಗಿ, ಒಳಗೆ ಮರಳು ಮರಳು ಕಂಡರೆ ಸಕ್ಕರೆ ಮತ್ತೆ ಹರಳಾಗಿದೆ. ಹಾಗಾಗದಿರಲಿ ಎಂದು ಲಿಕ್ವಿಡ್ ಗ್ಲೂಕೋಸ್ ಅಥವಾ ನಿಂಬೆರಸ ಹಾಕುತ್ತಾರೆ, ಅದೇ ಜಾಸ್ತಿಯಾದರೆ ಅಂಟಂಟು. ಬಾಯಲ್ಲಿ ಚೀಪುವಾಗ ನಾಲಿಗೆಗೆ ಚೂಪು ಅಂಚು ತಾಗಿದರೆ ಒಳಗೆ ಗಾಳಿಗುಳ್ಳೆ ಉಳಿದಿದೆ, ಮಕ್ಕಳ ನಾಲಿಗೆ ಕೊಯ್ಯುತ್ತದೆ. ಕಿತ್ತಳೆ, ನಿಂಬೆ ಪೆಪ್ಪರಮೆಂಟಿನಲ್ಲಿ ಹುಳಿ ಇಲ್ಲದಿದ್ದರೆ ಎಷ್ಟು ಎಸೆನ್ಸ್ ಹಾಕಿದರೂ ಅದು ಬರೀ ಸಿಹಿ. ಶುಂಠಿಯದಾದರೆ ಖಾರ ಗಂಟಲಿಗೆ ಬರಬೇಕು, ಕೊನೆಯ ಚೂರಿನವರೆಗೂ ಇರಬೇಕು. ಹೊರಗೆ ಮಾತ್ರ ರುಚಿ, ಒಳಗೆ ಸಪ್ಪೆ ಎಂದಾದರೆ ಪರಿಮಳವನ್ನು ಸರಿಯಾಗಿ ಕಲಸಿಲ್ಲ.

ಕಡಲೆ ಮಿಠಾಯಿಗೆ ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು, ಉಂಡೆ ಕಟ್ಟಿ ತಟ್ಟೆಗೆ ಹಾಕಿದರೆ ಟಣ್ ಎನ್ನಬೇಕು. ಆ ಹದ ಬಂದದ್ದು ಹಲ್ಲಿಗೆ ಅಂಟದೆ ಕುರುಕುರು ಒಡೆಯುತ್ತದೆ. ಅಂಟಿದರೆ ಬೇಗ ಇಳಿಸಿದ್ದಾರೆ, ಕಹಿ ಬಂದರೆ ತಡವಾಗಿದೆ. ಶೇಂಗಾ ಒಂದನ್ನು ಬಿಡಿಸಿ ತಿಂದು ನೋಡಿ, ಒಳಗೆ ಹಸಿ ಇರಬಾರದು, ಕಮಟು ಇರಬಾರದು. ಕಮರಕಟ್ಟು ಬಂದರೆ ಅದು ಬಾಯಲ್ಲಿ ಬಹಳ ಹೊತ್ತು ನಿಲ್ಲಬೇಕಾದ ತಿಂಡಿ, ಗಟ್ಟಿ ಎಂದು ಮಾರ್ಕ್ಸ್ ಕಳೆಯಬೇಡಿ. ತೆಂಗಿನಕಾಯಿ ಕೆಟ್ಟ ವಾಸನೆ ಇದೆಯಾ ಎಂದಷ್ಟೇ ನೋಡಿ.

ಮಾರ್ಕ್ಸ್ ಹಂಚಿಕೆ ನಾನು ಮಾಡುವುದು ಹೀಗೆ. ಚಾಕೊಲೇಟಿಗೆ ನೂರರಲ್ಲಿ ನೋಟಕ್ಕೆ 10, ಪರಿಮಳಕ್ಕೆ 20, ಮುರಿಯುವುದು ಮತ್ತು ಕರಗುವುದಕ್ಕೆ 20, ರುಚಿಗೆ 30, ನುಂಗಿದ ಮೇಲೆ ಉಳಿಯುವುದಕ್ಕೆ 20. ಹೊದಿಕೆ, ರಿಬ್ಬನ್, ಡಬ್ಬಿಗೆ ಸೊನ್ನೆ. ಪೆಪ್ಪರಮೆಂಟಿಗೆ ಪಾಕದ ಹದಕ್ಕೇ 50 ಕೊಟ್ಟು ಉಳಿದದ್ದು ರುಚಿ, ಪರಿಮಳಕ್ಕೆ. ಜೊತೆಗೆ ಇನ್ನೊಬ್ಬರು ತೀರ್ಪುಗಾರರಿದ್ದರೆ ಇಬ್ಬರೂ ಬರೆದು ಮುಗಿಸುವವರೆಗೆ ಮಾತಾಡಬೇಡಿ. ಒಬ್ಬರು "ಅಬ್ಬಾ" ಎಂದರೆ ಇನ್ನೊಬ್ಬರ ನಾಲಿಗೆಯೂ ಅದನ್ನೇ ಹೇಳುತ್ತದೆ.

1980ರ ಆಸುಪಾಸಿನಲ್ಲಿ ಕೊಕ್ಕೊ ಕೇಳುವವರಿಲ್ಲದೆ ನಿಮ್ಮ ಕಡೆಯ ಬೆಳೆಗಾರರು ಕಂಗಾಲಾದಾಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಈಗ ತೋಟದ ಮನೆಯಲ್ಲೇ ಬಾರ್ ಮಾಡುವ ಮಟ್ಟಕ್ಕೆ ಬಂದಿದ್ದಾರೆ ಎಂದರೆ ನನಗೆ ನಿಜಕ್ಕೂ ಸಂತೋಷ. ಆದ್ದರಿಂದ ಒಂದು ಕೋರಿಕೆ. ಬಹುಮಾನ ಮೂವರಿಗೆ ಸಿಗಬಹುದು, ಚೀಟಿ ಮಾತ್ರ ಎಲ್ಲರಿಗೂ ಬರೆದುಕೊಡಿ. "ಚೆನ್ನಾಗಿಲ್ಲ" ಎಂದು ಬರೆಯಬೇಡಿ. "ಒಗರು ಇದೆ, ಇನ್ನೆರಡು ದಿನ ಹುದುಗಿಸಿ, ರಾಶಿ ದೊಡ್ಡದು ಮಾಡಿ" ಎಂದೋ, "ಹೊಗೆ ಬಂದಿದೆ, ಒಲೆಯಿಂದ ದೂರ ಒಣಗಿಸಿ" ಎಂದೋ ಬರೆಯಿರಿ. ಅಕ್ಕಪಕ್ಕದ ನಾಲ್ಕು ಮನೆಯವರು ಹಸಿ ಬೀಜ ಒಟ್ಟು ಹಾಕಿ ಒಂದೇ ಬುಟ್ಟಿಯಲ್ಲಿ ಹುದುಗಿಸಿದರೆ ಶಾಖದ ತೊಂದರೆಯೇ ಇರುವುದಿಲ್ಲ. ಬಹುಮಾನ ಕೊಡುವ ಹೊತ್ತಿಗೆ ಮೈಕ್ ಸಿಕ್ಕರೆ ಇದೊಂದನ್ನು ಹೇಳಿಬಿಡಿ.